ನಿನ್ನೆಯಂತೆಯೇ ಕಾಣುವ ಇಂದು

ಕೆಲಸದ ತಂಡವೊಂದರಲ್ಲಿ ಒಮ್ಮೆಲೇ ಆಗುವ ಬದಲಾವಣೆಯನ್ನು ಗುರುತಿಸಲು ಅದರ ಮುಖ್ಯಸ್ಥರಿಗೆ ವಿಶೇಷ ಜಾಣ್ಮೆಯೇನೂ ಬೇಕಾಗುವುದಿಲ್ಲ. ಹಿರಿಯ ಸಹೋದ್ಯೋಗಿಯ ರಾಜೀನಾಮೆ, ಇಬ್ಬರ ನಡುವಿನ ಬಹಿರಂಗ ಜಗಳ, ಮೇಲಿನಿಂದ ಬಂದ ವರ್ಗಾವಣೆಯ ಆದೇಶ ಇವೆಲ್ಲ ತಮ್ಮ ಬರವನ್ನು ತಾವೇ ಸಾರಿಕೊಂಡು ಬರುತ್ತವೆ. ಆದರೆ ವಾರದ ಸಭೆಯಲ್ಲಿ ಕೇಳಿಬರುತ್ತಿದ್ದ ಪ್ರಶ್ನೆಗಳು ಆರರಿಂದ ಐದಕ್ಕೆ, ಐದರಿಂದ ನಾಲ್ಕಕ್ಕೆ ಇಳಿಯುತ್ತ ಬಂದು ಎರಡು ವರ್ಷಗಳಲ್ಲಿ ಪೂರ್ತಿ ನಿಂತುಹೋದಾಗ, ಅವು ನಿಂತ ದಿನ ಯಾವುದೆಂದು ಹೇಳಲು ಯಾರಿಂದಲೂ ಆಗುವುದಿಲ್ಲ, ಏಕೆಂದರೆ ಅಂಥದೊಂದು ದಿನವೇ ಇರುವುದಿಲ್ಲ. ಪ್ರತಿಯೊಂದು ವಾರವೂ ಅದರ ಹಿಂದಿನ ವಾರದಂತೆಯೇ ಇತ್ತು. ಯಾರು ಯಾರ ಮಾತಿಗೆ ಕಿವಿಗೊಡುತ್ತಾರೆ, ತಪ್ಪಾದಾಗ ಯಾರಿಗೆ ಮೊದಲು ತಿಳಿಸುತ್ತಾರೆ, ಒಪ್ಪದ ಮಾತನ್ನು ಎಲ್ಲಿ ಆಡುತ್ತಾರೆ, ಯಾವುದನ್ನು ಆಡದೆ ನುಂಗಿಕೊಳ್ಳುತ್ತಾರೆ ಎಂಬ ಬರೆದಿಡದ ರೂಢಿಗಳನ್ನೆಲ್ಲ ಸೇರಿಸಿ ತಂಡದ ಒಳನಡೆ ಎಂದು ಕರೆಯುವುದಾದರೆ, ಆ ಒಳನಡೆ ಹೆಚ್ಚಾಗಿ ಬದಲಾಗುವುದು ಹೀಗೆ, ದಿನಾಂಕವಿಲ್ಲದೆ.

ಇದಕ್ಕೆ ಮುಖ್ಯಸ್ಥರ ಅಲಕ್ಷ್ಯವೊಂದೇ ಕಾರಣವಲ್ಲ. ಮನುಷ್ಯನ ಇಂದ್ರಿಯಗಳ ರಚನೆಯಲ್ಲಿಯೇ ಅದರ ಬೇರಿದೆ. ಜರ್ಮನಿಯ ಲೈಪ್‌ಜಿಗ್‌ನಲ್ಲಿ ಪ್ರಾಧ್ಯಾಪಕನಾಗಿದ್ದ ಅರ್ನ್ಸ್ಟ್ ಹೈನ್‌ರಿಖ್ ವೇಬರ್ 19ನೇ ಶತಮಾನದ ಮೊದಲರ್ಧದಲ್ಲಿ, ಕೈಯಲ್ಲಿ ಹಿಡಿದ ತೂಕಗಳನ್ನು ಜನರು ಹೇಗೆ ಹೋಲಿಸುತ್ತಾರೆಂದು ಪರೀಕ್ಷಿಸಿದಾಗ, ವ್ಯತ್ಯಾಸವೊಂದು ಅನುಭವಕ್ಕೆ ಬರಬೇಕಾದರೆ ಅದು ಆಗಲೇ ಕೈಯಲ್ಲಿರುವ ಭಾರದ ಒಂದು ನಿರ್ದಿಷ್ಟ ಪಾಲಿನಷ್ಟಾದರೂ ಇರಬೇಕೆಂದು ಕಂಡುಕೊಂಡ. ಸೊಪ್ಪಿನ ಚೀಲಕ್ಕೆ ಸೇರಿದ ಕಾಲು ಕಿಲೋ ತಕ್ಷಣ ಗೊತ್ತಾಗುತ್ತದೆ, ಅಕ್ಕಿಮೂಟೆಗೆ ಸೇರಿದ ಕಾಲು ಕಿಲೋ ಗೊತ್ತಾಗುವುದಿಲ್ಲ. ಹೀಗೆ ಗೊತ್ತಾಗದಷ್ಟು ಸಣ್ಣ ಹೆಜ್ಜೆಗಳು ಒಂದರ ಮೇಲೊಂದು ಸೇರಿದರೆ ಎಷ್ಟು ದೂರ ಬೇಕಾದರೂ ಸಾಗಿಬಿಡಬಹುದು, ಏಕೆಂದರೆ ಮನಸ್ಸು ಪ್ರತಿಸಲವೂ ಹೋಲಿಸುವುದು ಹಿಂದಿನ ಹೆಜ್ಜೆಯೊಂದಿಗೆ, ಹೊರಟ ಜಾಗದೊಂದಿಗೆ ಅಲ್ಲ. ಮನೆಯ ಮಗು ಎತ್ತರವಾದದ್ದು ಆರು ತಿಂಗಳ ಬಳಿಕ ಬಂದ ಸೋದರಮಾವನಿಗೆ ಹೊಸ್ತಿಲಲ್ಲೇ ಕಾಣುತ್ತದೆ, ದಿನವೂ ಕೈತುತ್ತು ಕೊಡುವ ತಾಯಿಗೆ ಕಾಣುವುದಿಲ್ಲ. ತಂಡದ ಮುಖ್ಯಸ್ಥರ ಜಾಗ ಆ ತಾಯಿಯದು.

ಈ ಬಗೆಯ ನಿಧಾನ ಸರಿತವನ್ನು ಅತಿ ವಿವರವಾಗಿ ದಾಖಲಿಸಿರುವ ಪ್ರಕರಣಗಳಲ್ಲಿ ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾದ ಎರಡು ದುರಂತಗಳು ಮುಖ್ಯವಾದವು. 1986ರ ಜನವರಿ 28ರಂದು ಚಾಲೆಂಜರ್ ನೌಕೆ ಮೇಲೇರಿದ 73 ಸೆಕೆಂಡುಗಳಲ್ಲಿ ಛಿದ್ರವಾಗಿ ಅದರಲ್ಲಿದ್ದ ಏಳು ಮಂದಿಯೂ ಸಾವನ್ನಪ್ಪಿದರು. ನೌಕೆಯನ್ನು ಮೇಲಕ್ಕೆ ನೂಕುವ ಘನ ಇಂಧನದ ಎರಡು ರಾಕೆಟ್‌ಗಳನ್ನು ಉದ್ದನೆಯ ಕೊಳವೆಯ ತುಂಡುಗಳನ್ನು ಒಂದಕ್ಕೊಂದು ಜೋಡಿಸಿ ಕಟ್ಟಲಾಗುತ್ತಿತ್ತು. ಆ ಜೋಡಣೆಯ ಸಂದಿನಿಂದ ಉರಿಯುವ ಅನಿಲ ಹೊರನುಗ್ಗದಂತೆ ತಡೆಯಲು ಓ-ರಿಂಗ್ ಎಂಬ ರಬ್ಬರಿನ ಬಳೆಗಳಿದ್ದವು, ಅವುಗಳ ಕೆಲಸ ಹೆಚ್ಚುಕಡಿಮೆ ಅಡುಗೆಮನೆಯ ಪ್ರೆಶರ್ ಕುಕ್ಕರಿನ ಗ್ಯಾಸ್ಕೆಟ್ ಮಾಡುವಂಥದೇ. ಮೂಲ ವಿನ್ಯಾಸದ ಪ್ರಕಾರ ಬಿಸಿ ಅನಿಲ ಆ ಬಳೆಗಳನ್ನು ಮುಟ್ಟಲೇಬಾರದು. ಆದರೆ 1981ರ ನವೆಂಬರಿನಲ್ಲಿ ನಡೆದ ಎರಡನೆಯ ಹಾರಾಟದ ನಂತರ ಸಮುದ್ರದಿಂದ ಎತ್ತಿ ತಂದ ರಾಕೆಟ್‌ನ ಒಂದು ಬಳೆ ಸುಟ್ಟು ಸವೆದಿದ್ದು ಕಂಡುಬಂತು. ಅದನ್ನು ಯಾರೂ ಮುಚ್ಚಿಡಲಿಲ್ಲ. ಪರೀಕ್ಷಿಸಿದರು, ಲೆಕ್ಕ ಹಾಕಿದರು, ಇಷ್ಟು ಸವೆತವನ್ನು ಬಳೆ ತಾಳಿಕೊಳ್ಳಬಲ್ಲದೆಂದೂ ಅದು ಸೋತರೆ ಹಿಂದಿನ ಎರಡನೆಯ ಬಳೆ ಕಾಯುತ್ತದೆಂದೂ ತೀರ್ಮಾನಿಸಿದರು. ಮುಂದಿನ ಸವೆತ ಕಂಡಾಗ ಈ ತೀರ್ಮಾನವೇ ಅಳತೆಗೋಲಾಯಿತು. 1985ರ ಜನವರಿಯ ಚಳಿಯಲ್ಲಿ ಹಾರಿದ ನೌಕೆಯ ರಾಕೆಟ್‌ನಲ್ಲಿ ಅನಿಲವು ಮೊದಲ ಬಳೆಯನ್ನು ದಾಟಿ ಹೋಗಿ ಕಪ್ಪು ಮಸಿ ಬಿಟ್ಟಿತ್ತು. ಆ ವರ್ಷದ ಉಳಿದ ಹಾರಾಟಗಳಲ್ಲಿಯೂ ಇಂಥ ಗುರುತುಗಳು ಮತ್ತೆಮತ್ತೆ ಕಂಡವು, ಮತ್ತು ಪ್ರತಿಸಲವೂ ನೌಕೆ ಸುರಕ್ಷಿತವಾಗಿ ಹಿಂತಿರುಗಿದ್ದೇ ಮುಂದಿನ ಹಾರಾಟಕ್ಕೆ ಸಮರ್ಥನೆಯಾಯಿತು.

ಸಮಾಜಶಾಸ್ತ್ರಜ್ಞೆ ಡಯೇನ್ ವಾನ್ ಈ ದುರಂತದ ಕಾಗದಪತ್ರಗಳನ್ನು ವರ್ಷಗಟ್ಟಲೆ ಓದಿ 1996ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದಕ್ಕೊಂದು ಹೆಸರು ಕೊಟ್ಟರು. ಕನ್ನಡದಲ್ಲಿ ಅದನ್ನು ವಿಚಲನೆಯ ಸಹಜೀಕರಣ ಎನ್ನಬಹುದು: ಮೊದಲಿಗೆ ನಿಯಮದಿಂದ ದೂರ ಸರಿದದ್ದಾಗಿ ಕಂಡದ್ದು, ಕೇಡು ಸಂಭವಿಸದೆ ಹಲವು ಬಾರಿ ಮರುಕಳಿಸಿದ ಮೇಲೆ, ಅದೇ ತಂಡದ ಕಣ್ಣಿಗೆ ನಿಯಮದ ಭಾಗವೇ ಆಗಿ ಕಾಣತೊಡಗುವ ಕ್ರಿಯೆ. ವಾನ್ ಅಧ್ಯಯನವನ್ನು ಆರಂಭಿಸಿದಾಗ ವೇಳಾಪಟ್ಟಿಯ ಒತ್ತಡಕ್ಕೆ ಮಣಿದ ಅಧಿಕಾರಿಗಳು ತಿಳಿದೂ ತಿಳಿದೂ ನಿಯಮ ಮುರಿದರೆಂಬ ವಿವರಣೆ ಪ್ರಚಲಿತವಾಗಿತ್ತು. ಆದರೆ ದಾಖಲೆಗಳಲ್ಲಿ ಅವರಿಗೆ ಸಿಕ್ಕಿದ್ದು ನಿಯಮಗಳನ್ನು ಅಕ್ಷರಶಃ ಪಾಲಿಸುತ್ತಲೇ, ಸಹಿಗಳನ್ನು ಹಾಕುತ್ತಲೇ, ಪ್ರತಿ ಹಂತದಲ್ಲೂ ಚರ್ಚಿಸುತ್ತಲೇ ದಾರಿ ತಪ್ಪಿದ ಪ್ರಾಮಾಣಿಕ ಕೆಲಸಗಾರರ ಗುಂಪು. ಮುಖ್ಯಸ್ಥರಾದವರು ಹೆಚ್ಚು ಹೊತ್ತು ನಿಂತು ನೋಡಬೇಕಾದ ಅಂಶ ಇದು. ಕೆಟ್ಟ ಉದ್ದೇಶವನ್ನು ಹುಡುಕುವ ಕಣ್ಣಿಗೆ ಈ ಬದಲಾವಣೆ ಬೀಳುವುದೇ ಇಲ್ಲ, ಏಕೆಂದರೆ ಅಲ್ಲಿ ಕೆಟ್ಟ ಉದ್ದೇಶವಿರುವುದಿಲ್ಲ.

ದುರಂತದ ಹಿಂದಿನ ರಾತ್ರಿ ನಡೆದ ದೂರವಾಣಿ ಸಭೆಯಲ್ಲಿ ಈ ನಾಲ್ಕು ವರ್ಷಗಳ ಸರಿತ ಒಂದು ಕ್ಷಣ ಬೆಳಕಿಗೆ ಬಂದು ಮತ್ತೆ ಮರೆಯಾಯಿತು. ರಾಕೆಟ್ ತಯಾರಿಸಿದ ಮಾರ್ಟನ್ ಥಯೋಕೋಲ್ ಸಂಸ್ಥೆಯ ಎಂಜಿನಿಯರುಗಳಾದ ರೋಜರ್ ಬೋಜೋಲಿ ಮತ್ತು ಆರ್ನಿ ಥಾಂಪ್ಸನ್, ಚಳಿಯಲ್ಲಿ ರಬ್ಬರು ಗಡುಸಾಗಿ ಸಂದನ್ನು ಸಕಾಲದಲ್ಲಿ ಮುಚ್ಚಲಾರದೆಂದು ವಾದಿಸಿದರು; ಸುಮಾರು 12 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಉಷ್ಣತೆಯಲ್ಲಿ ಹಾರಿಸಬಾರದೆಂದು ಅವರ ಸಂಸ್ಥೆ ಮೊದಲಿಗೆ ಸಲಹೆಯನ್ನೂ ನೀಡಿತು. ನಾಸಾದ ಕಡೆಯವರು ಆ ಸಲಹೆಯನ್ನು ತೀವ್ರವಾಗಿ ಪ್ರಶ್ನಿಸಿದ ಮೇಲೆ ಸಂಸ್ಥೆಯ ವ್ಯವಸ್ಥಾಪಕರು ತಮ್ಮತಮ್ಮಲ್ಲೇ ಮಾತಾಡಿಕೊಂಡರು, ಎಂಜಿನಿಯರಿಂಗ್ ವಿಭಾಗದ ಮುಖ್ಯಸ್ಥರಿಗೆ ಎಂಜಿನಿಯರಿನ ಟೋಪಿ ತೆಗೆದಿಟ್ಟು ವ್ಯವಸ್ಥಾಪಕರ ಟೋಪಿ ಧರಿಸಬೇಕೆಂದು ಮೇಲಿನವರು ಹೇಳಿದರು, ಸಲಹೆ ತಿರುವುಮುರುವಾಯಿತು. ಈ ಟೋಪಿಯ ಮಾತು ಪ್ರಸಿದ್ಧವಾಗಿದೆಯಾದರೂ, ಆ ರಾತ್ರಿ ನಡೆದದ್ದರಲ್ಲಿ ಅದಕ್ಕಿಂತ ಗಂಭೀರವಾದುದು ಬೇರೊಂದಿದೆ. ಹಾರಾಟ ಸುರಕ್ಷಿತವೆಂದು ಸಾಬೀತುಪಡಿಸುವ ಹೊಣೆ ಹಾರಿಸುವವರ ಮೇಲಿರಬೇಕೆಂಬುದು ನಾಸಾದ ಹಳೆಯ ಕ್ರಮ. ಆದರೆ ಅಂದು ಅದು ಅಪಾಯಕಾರಿಯೆಂದು ಸಾಬೀತುಪಡಿಸುವ ಹೊಣೆ ಆಕ್ಷೇಪಿಸಿದವರ ಮೇಲೆ ಬಿದ್ದಿತ್ತು ಎಂದು ಎಂಜಿನಿಯರುಗಳು ತನಿಖಾ ಆಯೋಗದ ಮುಂದೆ ಹೇಳಿದರು. ಹೀಗೆ ಮಗುಚಿಕೊಂಡದ್ದು ಯಾವ ಸುತ್ತೋಲೆಯಿಂದಲೂ ಅಲ್ಲ. ಯಾವುದೇ ಕಚೇರಿಯಲ್ಲಿ, ಸಂಶಯವನ್ನು ಮಂಡಿಸುವವರಿಗೆ ಅಂಕಿಅಂಶ ತರಲು ಹೇಳಿ, ಒಪ್ಪಿಗೆ ಸೂಚಿಸುವವರನ್ನು ಏನನ್ನೂ ಕೇಳದೆ ಬಿಡುವ ರೂಢಿ ಬೇರೂರಿದೆಯೆಂದರೆ, ಅಲ್ಲಿಯೂ ಇದೇ ಪಲ್ಲಟ ಆಗಿಹೋಗಿದೆಯೆಂದು ತಿಳಿಯಬೇಕು.

ಹದಿನೇಳು ವರ್ಷಗಳ ತರುವಾಯ, 2003ರ ಫೆಬ್ರವರಿ 1ರಂದು, ಕೊಲಂಬಿಯಾ ನೌಕೆ ಭೂಮಿಗೆ ಮರಳುವಾಗ ಒಡೆದುಹೋಯಿತು. ಅದರಲ್ಲಿದ್ದ ಏಳು ಮಂದಿಯಲ್ಲಿ ಹರಿಯಾಣದ ಕರ್ನಾಲಿನಲ್ಲಿ ಹುಟ್ಟಿದ ಕಲ್ಪನಾ ಚಾವ್ಲಾ ಒಬ್ಬರಾದ್ದರಿಂದ ಆ ಸಾವು ಭಾರತದ ಮನೆಮನೆಯ ದುಃಖವಾಯಿತು. ಇಸ್ರೋದ ಹವಾಮಾನ ಉಪಗ್ರಹ ಮೆಟ್‌ಸ್ಯಾಟ್-1ಕ್ಕೆ ಅದೇ ವಾರ ಕಲ್ಪನಾ-1 ಎಂಬ ಹೆಸರನ್ನಿಡಲಾಯಿತು. ಇಂಧನ ತೊಟ್ಟಿಯ ಹೊದಿಕೆಯ ನೊರೆಯ ತುಂಡೊಂದು ಜನವರಿ 16ರಂದು ಮೇಲೇರುವಾಗ ಕಳಚಿ ಎಡ ರೆಕ್ಕೆಗೆ ಬಡಿದು ತೂತು ಮಾಡಿದ್ದು ಕಾರಣವೆಂದು ತನಿಖಾ ಮಂಡಳಿ ನಿರ್ಣಯಿಸಿತು. ನೊರೆ ಕಳಚಲೇಬಾರದೆಂಬುದು ಮೂಲ ವಿನ್ಯಾಸದ ನಿಯಮ. ಆದರೆ ಮೊದಲ ಹಾರಾಟದಿಂದಲೂ ಅದು ಕಳಚುತ್ತಲೇ ಇತ್ತು, ನೌಕೆಗಳು ಮರಳುತ್ತಲೇ ಇದ್ದವು. ಕ್ರಮೇಣ ಅದು ಸುರಕ್ಷತೆಯ ಪ್ರಶ್ನೆಯ ಜಾಗದಿಂದ ಇಳಿದು, ಮುಂದಿನ ಹಾರಾಟದೊಳಗೆ ರಿಪೇರಿ ಮಾಡಿಕೊಳ್ಳಬೇಕಾದ ಕೆಲಸಗಳ ಪಟ್ಟಿಗೆ ಸೇರಿತು. ತೊಟ್ಟಿಯ ಅದೇ ಭಾಗದಿಂದ ದೊಡ್ಡ ತುಂಡು ಕಳಚಿದಾಗಲೆಲ್ಲ ಅದನ್ನು ಹಾರಾಟದ ವೈಪರೀತ್ಯವೆಂದು ವರ್ಗೀಕರಿಸುತ್ತಿದ್ದ ಕ್ರಮವನ್ನು 2002ರ ಅಕ್ಟೋಬರಿನ ಹಾರಾಟದ ನಂತರ ಕೈಬಿಡಲಾಯಿತು. ವಸ್ತು ಬದಲಾಗಿರಲಿಲ್ಲ, ಅದನ್ನು ಕರೆಯುವ ಹೆಸರು ಬದಲಾಗಿತ್ತು.

ಕೊಲಂಬಿಯಾ ಕಕ್ಷೆಯಲ್ಲಿದ್ದ ಹದಿನಾರು ದಿನಗಳ ಒಳನಡೆಯನ್ನು ಮಂಡಳಿಯ ವರದಿ ದಿನದಿನವಾಗಿ ದಾಖಲಿಸಿದೆ. ಹಾರಾಟವನ್ನು ನಿರ್ವಹಿಸುವ ತಂಡ ನಿಯಮದಂತೆ ಪ್ರತಿದಿನ ಸೇರಬೇಕಿತ್ತು. ಸೇರಿದ್ದು ಐದು ಬಾರಿ. ರೆಕ್ಕೆಗೆ ಆಗಿರಬಹುದಾದ ಪೆಟ್ಟನ್ನು ನೋಡಲು ಚಿತ್ರಗಳು ಬೇಕೆಂದು ಕೆಳಹಂತದ ಎಂಜಿನಿಯರುಗಳು ಮಾಡಿದ ಕೋರಿಕೆಗಳು ಬೇರೆಬೇರೆ ದಾರಿಗಳಲ್ಲಿ ಸಾಗಿ ನಿಂತುಹೋದವು, ಏಕೆಂದರೆ ಅವು ಅಧಿಕೃತವಾಗಿ ಕಡ್ಡಾಯವೆಂದು ಯಾರು ಹೇಳಿದ್ದಾರೆಂಬ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಹಿರಿಯ ಎಂಜಿನಿಯರೊಬ್ಬರು ತಮ್ಮ ಆತಂಕವನ್ನೆಲ್ಲ ಒಂದು ಇಮೇಲ್ ಆಗಿ ಬರೆದು, ಮುದ್ರಿಸಿ, ಜೊತೆಯವರಿಗೆ ತೋರಿಸಿ, ಮೇಲಿನವರಿಗೆ ಕಳುಹಿಸದೆ ಇಟ್ಟುಕೊಂಡರು. ಅದೇ ಕಾಲದಲ್ಲಿ ವ್ಯವಸ್ಥಾಪಕರ ಕಂಪ್ಯೂಟರ್ ಪರದೆಗಳ ಮೇಲೆ, ಅಂತರಿಕ್ಷ ನಿಲ್ದಾಣದ ಒಂದು ಹಂತ ಮುಗಿಯಬೇಕಾಗಿದ್ದ 2004ರ ಫೆಬ್ರವರಿ 19ಕ್ಕೆ ಇನ್ನೆಷ್ಟು ಸಮಯವಿದೆಯೆಂದು ಎಣಿಸುವ ಗಡಿಯಾರ ಓಡುತ್ತಿತ್ತು. ಚಾಲೆಂಜರ್ ದುರಂತದ ಪಾಠಗಳನ್ನು ಓದಿಕೊಂಡಿದ್ದ ಸಂಸ್ಥೆಯಲ್ಲಿಯೇ ಇದು ನಡೆಯಿತೆಂಬುದು ನೋವಿನ ಸಂಗತಿ. ಪಾಠವನ್ನು ಓ-ರಿಂಗಿನ ಬಗ್ಗೆ ಕಲಿತಿದ್ದರು, ತಮ್ಮ ತಂಡ ಹೇಗೆ ಸರಿಯುತ್ತದೆಂಬುದರ ಬಗ್ಗೆ ಅಷ್ಟಾಗಿ ಕಲಿತಿರಲಿಲ್ಲ.

ರಾಕೆಟ್ ಹಾರಿಸದ ಕಚೇರಿಗಳಲ್ಲಿ ಇಂಥ ಸರಿತದಿಂದ ಜೀವಹಾನಿಯಾಗುವುದು ಅಪರೂಪ, ಆದರೆ ಅದರ ಚಹರೆ ಬೇರೆಯಲ್ಲ. ರಾಲ್ಫ್ ಕ್ಯಾಟ್ಜ್ ಎಂಬ ವಿದ್ವಾಂಸರು 1982ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಂಶೋಧನೆ ಮತ್ತು ಅಭಿವೃದ್ಧಿ ಕೆಲಸದ 50 ತಂಡಗಳನ್ನು, ಅವುಗಳ ಸದಸ್ಯರು ಒಟ್ಟಿಗೆ ಎಷ್ಟು ಕಾಲದಿಂದ ದುಡಿಯುತ್ತಿದ್ದಾರೆಂಬ ಆಧಾರದ ಮೇಲೆ ಹೋಲಿಸಿದರು. ಮೊದಲ ಒಂದೂವರೆ ವರ್ಷದಲ್ಲಿ ತಂಡದ ಸಾಧನೆ ಏರುತ್ತದೆ, ಕೆಲಕಾಲ ಆ ಎತ್ತರದಲ್ಲಿ ನಿಲ್ಲುತ್ತದೆ, ಐದು ವರ್ಷ ದಾಟಿದ ತಂಡಗಳಲ್ಲಿ ಸ್ಪಷ್ಟವಾಗಿ ಇಳಿಯುತ್ತದೆ. ಇಳಿಕೆಗೆ ಸದಸ್ಯರ ವಯಸ್ಸಾಗಲಿ ಅಸಾಮರ್ಥ್ಯವಾಗಲಿ ಕಾರಣವಾಗಿ ತೋರಲಿಲ್ಲ. ಅವರು ಪರಸ್ಪರರೊಂದಿಗೆ, ಸಂಸ್ಥೆಯ ಇತರ ವಿಭಾಗಗಳೊಂದಿಗೆ, ಹೊರಗಿನ ಪರಿಣತರೊಂದಿಗೆ ಮಾತಾಡುವುದು ಕಡಿಮೆಯಾಗಿತ್ತು. ಒಬ್ಬರನ್ನೊಬ್ಬರು ಚೆನ್ನಾಗಿ ಬಲ್ಲವರಾದ್ದರಿಂದ ಕೇಳದೆಯೇ ಉತ್ತರ ಗೊತ್ತೆಂಬ ಭಾವನೆ ಬೆಳೆದಿರುತ್ತದೆ. ಹೊರಗಿನಿಂದ ನೋಡುವವರಿಗೆ ಇದು ಸೊಗಸಾದ ಹೊಂದಾಣಿಕೆಯಾಗಿ ಕಾಣುತ್ತದೆ, ಹಾಗೆ ಕಾಣುವುದರಿಂದಲೇ ಇದನ್ನು ಪತ್ತೆಹಚ್ಚುವುದು ಕಷ್ಟ.

ಶಾಂತಿಯಾಗಿ ಕಾಣುವ ಮೌನಕ್ಕೆ ಇನ್ನೊಂದು ಮೂಲವನ್ನು ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹಿರ್ಷ್‌ಮನ್ 1970ರಲ್ಲಿಯೇ ತೋರಿಸಿದ್ದರು. ಸಂಸ್ಥೆಯೊಂದರ ಗುಣಮಟ್ಟ ಕುಸಿಯತೊಡಗಿದಾಗ ಅದಕ್ಕೆ ಸಂಬಂಧಪಟ್ಟವರ ಮುಂದೆ ಎರಡು ದಾರಿಗಳಿರುತ್ತವೆ, ದನಿಯೆತ್ತುವುದು ಇಲ್ಲವೆ ಬಿಟ್ಟುಹೋಗುವುದು; ಗುಣಮಟ್ಟದ ಬಗ್ಗೆ ಹೆಚ್ಚು ಕಾಳಜಿಯುಳ್ಳವರೇ ಅನೇಕವೇಳೆ ಮೊದಲು ಹೊರಡುವವರಾದ್ದರಿಂದ, ದನಿಯೆತ್ತಬಲ್ಲವರ ಸಂಖ್ಯೆ ಅತಿ ಅಗತ್ಯವಾದ ಹೊತ್ತಿನಲ್ಲಿಯೇ ಕುಗ್ಗುತ್ತದೆ. ಕಚೇರಿಯ ತಂಡಕ್ಕೂ ಈ ಮಾತು ಸಲ್ಲುತ್ತದೆ. ಪ್ರಶ್ನೆ ಕೇಳುತ್ತಿದ್ದ ಇಬ್ಬರು ಬೇರೆ ವಿಭಾಗಕ್ಕೆ ಹೋದ ಮೇಲೆ ಸಭೆಗಳು ಬೇಗ ಮುಗಿಯತೊಡಗುತ್ತವೆ, ಮುಖ್ಯಸ್ಥರಿಗೆ ತಂಡ ಕೊನೆಗೂ ಒಂದಾಯಿತೆಂಬ ಸಮಾಧಾನವಾಗುತ್ತದೆ.

ಮುಖ್ಯಸ್ಥರ ಸ್ಥಾನವೇ ಅವರ ನೋಟವನ್ನು ಮಬ್ಬಾಗಿಸುವ ಬಗೆಯನ್ನೂ ಇಲ್ಲಿ ಗಮನಿಸಬೇಕು. ಅಧಿಕಾರದಲ್ಲಿರುವವರ ಮುಂದೆ ಬರುವ ಸುದ್ದಿ ದಾರಿಯಲ್ಲಿ ಹಲವು ಬಾರಿ ಸೋಸಿಹೋಗಿರುತ್ತದೆ, ಅವರು ಕೋಣೆಗೆ ಕಾಲಿಟ್ಟೊಡನೆ ಮಾತಿನ ಧಾಟಿ ಬದಲಾಗುತ್ತದೆ. ತಂಡವು ತಾವಿಲ್ಲದಾಗ ಹೇಗಿರುತ್ತದೆಂಬುದನ್ನು ನೋಡುವ ಅವಕಾಶ ಅವರೊಬ್ಬರಿಗೇ ಇಲ್ಲ. ಹಾರ್ವರ್ಡ್‌ನ ಏಮಿ ಎಡ್ಮಂಡ್ಸನ್ 1990ರ ದಶಕದಲ್ಲಿ ಆಸ್ಪತ್ರೆಗಳ ಶುಶ್ರೂಷಾ ತಂಡಗಳಲ್ಲಿ ಔಷಧಿ ಕೊಡುವಾಗಿನ ತಪ್ಪುಗಳನ್ನು ಅಧ್ಯಯನ ಮಾಡಿದಾಗ, ಒಳ್ಳೆಯ ನಾಯಕತ್ವವಿದ್ದ ತಂಡಗಳಲ್ಲಿಯೇ ಹೆಚ್ಚು ತಪ್ಪುಗಳು ದಾಖಲಾಗಿರುವಂತೆ ಕಂಡು ಮೊದಲಿಗೆ ಅಚ್ಚರಿಪಟ್ಟರು. ಅಂಥ ತಂಡಗಳು ಹೆಚ್ಚು ತಪ್ಪು ಮಾಡುತ್ತಿದ್ದವೆಂದಲ್ಲ, ಮಾಡಿದ್ದನ್ನು ಹೆಚ್ಚು ಮುಕ್ತವಾಗಿ ಹೇಳಿಕೊಳ್ಳುತ್ತಿದ್ದವೆಂಬುದು ಅವರು ತಲುಪಿದ ವಿವರಣೆ. ತಪ್ಪನ್ನು ಒಪ್ಪಿಕೊಂಡರೆ, ಗೊತ್ತಿಲ್ಲವೆಂದರೆ, ಮೇಲಿನವರ ಮಾತಿಗೆ ಅಡ್ಡ ಮಾತಾಡಿದರೆ ಅವಮಾನವಾಗುವುದಿಲ್ಲವೆಂದು ಸದಸ್ಯರಲ್ಲಿರುವ ಸಾಮಾನ್ಯ ನಂಬಿಕೆಯನ್ನು ಅವರು 1999ರ ಪ್ರಬಂಧದಲ್ಲಿ ಮಾನಸಿಕ ಸುರಕ್ಷತೆ ಎಂಬ ಪರಿಕಲ್ಪನೆಯಾಗಿ ಬೆಳೆಸಿದರು. ಹೀಗಾಗಿ, ತಂಡದಿಂದ ಬರುತ್ತಿದ್ದ ದೂರು ಮತ್ತು ತಪ್ಪೊಪ್ಪಿಗೆಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದರೆ, ಅದನ್ನು ಸುಧಾರಣೆಯೆಂದು ವರದಿಯಲ್ಲಿ ಬರೆಯುವ ಮುನ್ನ ಹೇಳುವವರು ಹಿಂಜರಿಯುತ್ತಿದ್ದಾರೆಯೇ ಎಂದು ವಿಚಾರಿಸುವುದು ಲೇಸು.

ಹೊಸಬರು ಬಂದಾಗ ಎಲ್ಲವೂ ತಾನಾಗಿ ಸರಿಹೋಗುತ್ತದೆಂದೂ ನಂಬುವಂತಿಲ್ಲ. ಮೀನುಗಾರಿಕೆಯ ವಿಜ್ಞಾನಿ ಡೇನಿಯಲ್ ಪೌಲಿ 1995ರಲ್ಲಿ ವಿವರಿಸಿದ ಸರಿಯುವ ಮೂಲರೇಖೆಯ ಪರಿಕಲ್ಪನೆ ಇಲ್ಲಿ ಸಹಾಯಕ್ಕೆ ಬರುತ್ತದೆ: ಪ್ರತಿ ತಲೆಮಾರಿನ ವಿಜ್ಞಾನಿಗಳು ತಾವು ವೃತ್ತಿಗೆ ಬಂದಾಗ ಸಮುದ್ರದಲ್ಲಿದ್ದ ಮೀನಿನ ಪ್ರಮಾಣವನ್ನೇ ಸಹಜವೆಂದು ಭಾವಿಸಿ ಅಲ್ಲಿಂದ ಇಳಿಕೆಯನ್ನು ಅಳೆಯುವುದರಿಂದ, ಅದಕ್ಕೂ ಹಿಂದೆ ಕಳೆದುಹೋದದ್ದು ಲೆಕ್ಕಕ್ಕೇ ಬರುವುದಿಲ್ಲ. ಹೊಸದಾಗಿ ತಂಡ ಸೇರಿದವರು ಮೊದಲ ಕೆಲವು ವಾರ ಸೋದರಮಾವನ ಕಣ್ಣಿಂದ ನೋಡುತ್ತಾರೆ, ಆಮೇಲೆ ಕಂಡದ್ದನ್ನೇ ಮೂಲರೇಖೆಯಾಗಿ ಒಪ್ಪಿಕೊಳ್ಳುತ್ತಾರೆ. ಮುಖ್ಯಸ್ಥರಿಗೆ ಆ ಕಣ್ಣು ದೊರೆಯುವುದು ಅಷ್ಟೇ ಅವಧಿಗೆ. ಹೊಸಬರು ಮೊದಲ ತಿಂಗಳಲ್ಲಿ ವಿಚಿತ್ರವೆನಿಸಿದ್ದನ್ನೆಲ್ಲ ಬರೆದಿಡುವಂತೆ ಕೇಳಿ, ಅದಕ್ಕೆ ಸಮಜಾಯಿಷಿ ನೀಡದೆ ಓದಿಕೊಳ್ಳುವ ತಾಳ್ಮೆಯಿದ್ದರೆ ಬಹಳಷ್ಟು ತಿಳಿಯುತ್ತದೆ.

ನೆನಪನ್ನು ನಂಬದೆ ಹೊರಗೊಂದು ಸ್ಥಿರವಾದ ಗುರುತು ಇಟ್ಟುಕೊಳ್ಳುವುದು ಇದಕ್ಕಿರುವ ಮುಖ್ಯ ಉಪಾಯ. ಮಳೆಗಾಲದಲ್ಲಿ ಕನ್ನಡ ಪತ್ರಿಕೆಗಳು ಕೆಆರ್‌ಎಸ್ ಜಲಾಶಯದ ನೀರಿನ ಮಟ್ಟವನ್ನು ಪ್ರಕಟಿಸುವ ರೀತಿಯನ್ನು ನೆನೆದರೆ ಈ ಉಪಾಯದ ಸ್ವರೂಪ ಸ್ಪಷ್ಟವಾಗುತ್ತದೆ. ಇಂದಿನ ಮಟ್ಟದ ಪಕ್ಕದಲ್ಲಿ ಗರಿಷ್ಠ ಮಟ್ಟ 124.80 ಅಡಿಯೆಂಬ ಕದಲದ ಸಂಖ್ಯೆಯಿರುತ್ತದೆ, ಕಳೆದ ವರ್ಷ ಇದೇ ದಿನದ ಮಟ್ಟವೂ ಇರುತ್ತದೆ. ನಿನ್ನೆಗಿಂತ ಇಂದು ಎರಡು ಅಂಗುಲ ಇಳಿದಿದೆಯೆಂಬುದರಿಂದ ತಿಳಿಯದ್ದು ಈ ಎರಡು ಹೋಲಿಕೆಗಳಿಂದ ರೈತರಿಗೆ ತಿಳಿಯುತ್ತದೆ. ತಂಡಕ್ಕೆ ಇಂಥ ಅಳತೆಪಟ್ಟಿಯಾಗಿ ಒದಗಬಲ್ಲ ಸಾಮಗ್ರಿ ಬಹುತೇಕ ಕಚೇರಿಗಳಲ್ಲಿ ಆಗಲೇ ಇದೆ. ಎರಡು ವರ್ಷದ ಹಿಂದಿನ ಸಭಾ ನಡಾವಳಿಯನ್ನು ಇಂದಿನದರ ಪಕ್ಕದಲ್ಲಿಟ್ಟು, ಎಷ್ಟು ಮಂದಿ ಮಾತಾಡಿದ್ದರು, ಎಷ್ಟು ತೀರ್ಮಾನಗಳು ಚರ್ಚೆಯ ನಂತರ ಬದಲಾಗಿದ್ದವು, ಯಾವ ವಿಷಯ ಪಟ್ಟಿಯಿಂದ ಸದ್ದಿಲ್ಲದೆ ಬಿದ್ದುಹೋಗಿದೆ ಎಂದು ನೋಡಬಹುದು. ತಪ್ಪು ನಡೆದ ದಿನಕ್ಕೂ ಅದು ಮುಖ್ಯಸ್ಥರ ಕಿವಿಗೆ ಬಿದ್ದ ದಿನಕ್ಕೂ ನಡುವಿನ ಅಂತರ ಹಿಗ್ಗುತ್ತಿದೆಯೇ ಎಂದು ಗುರುತು ಹಾಕಿಕೊಳ್ಳಬಹುದು. ಎಲ್ಲಕ್ಕಿಂತ ಸೂಕ್ಷ್ಮವಾದ ಗುರುತು ಪದಗಳದು: ಹಿಂದೆ ವಿಳಂಬ ಎನ್ನುತ್ತಿದ್ದುದನ್ನು ಈಗ ಮಾಮೂಲು ಎನ್ನುತ್ತಿದ್ದರೆ, ದೋಷ ಎನ್ನುತ್ತಿದ್ದುದಕ್ಕೆ ಮೃದುವಾದ ಹೆಸರು ಬಂದಿದ್ದರೆ, ನೊರೆಯ ತುಂಡಿನ ವರ್ಗೀಕರಣ ಬದಲಾದಂತೆ ಅಲ್ಲಿಯೂ ಏನೋ ಬದಲಾಗಿರುತ್ತದೆ. ತಪ್ಪುಗಳು ಭಯವಿಲ್ಲದೆ ಬೆಳಕಿಗೆ ಬರಲು ಹೊರಗಿನ ದಾರಿಯೊಂದೂ ಬೇಕು. ವಿಮಾನಯಾನದಲ್ಲಿ, ಪೈಲಟ್‌ಗಳು ತಮ್ಮ ತಪ್ಪುಗಳನ್ನೂ ಕೂದಲೆಳೆಯಲ್ಲಿ ತಪ್ಪಿದ ಅಪಘಾತಗಳನ್ನೂ ಗೋಪ್ಯವಾಗಿ ತಿಳಿಸಲು ಅಮೆರಿಕದಲ್ಲಿ 1976ರಿಂದ ಒಂದು ವ್ಯವಸ್ಥೆ ನಡೆದುಬಂದಿದೆ. ಶಿಕ್ಷಿಸುವ ಅಧಿಕಾರವುಳ್ಳ ವಿಮಾನಯಾನ ಇಲಾಖೆಗೆ ಬದಲಾಗಿ ಮೂರನೆಯವರಾದ ನಾಸಾ ಆ ವರದಿಗಳನ್ನು ಸ್ವೀಕರಿಸುತ್ತದೆ ಎಂಬುದೇ ಅದರ ಬಲ.

ನಿಧಾನವಾಗಿ ಬಂದ ಬದಲಾವಣೆಯೆಲ್ಲ ಕುಸಿತವೆಂದು ಶಂಕಿಸುವುದೂ ತಪ್ಪಾಗುತ್ತದೆ. ಒಟ್ಟಿಗೆ ದುಡಿದವರು ಕಡಿಮೆ ಮಾತಿನಲ್ಲಿ ಹೆಚ್ಚು ಅರ್ಥಮಾಡಿಕೊಳ್ಳುತ್ತಾರೆ, ಅನಗತ್ಯವಾದ ನಿಯಮಗಳನ್ನು ಅನುಭವದಿಂದ ಬಿಡುತ್ತಾರೆ. ಅದು ಪರಿಣತಿಯ ಲಕ್ಷಣ. ಬಿಟ್ಟದ್ದನ್ನು ಏಕೆ ಬಿಟ್ಟೆವೆಂದು ತಂಡ ಹೇಳಬಲ್ಲದೇ ಎಂಬುದರಿಂದ ಇವೆರಡನ್ನು ಬೇರ್ಪಡಿಸಬಹುದು: ಕಾರಣ ಹೇಳಬಲ್ಲದಾದರೆ ಅದು ಆಯ್ದುಕೊಂಡ ದಾರಿ, ಮೊದಲು ಹೀಗಿತ್ತೆಂಬ ನೆನಪೇ ಇಲ್ಲವಾದರೆ ಅದು ಸರಿತ.

ಕೊಲಂಬಿಯಾದ ನಂತರ 2005ರ ಜುಲೈನಲ್ಲಿ ಹಾರಿದ ಮೊದಲ ನೌಕೆಯಲ್ಲಿಯೂ ನೊರೆ ಕಳಚಿತು, ಮತ್ತು ಈ ಬಾರಿ ಹಾರಾಟಗಳು ಸುಮಾರು ಒಂದು ವರ್ಷ ನಿಂತವು. 2006ರ ಜೂನ್‌ನಲ್ಲಿ ಮುಂದಿನ ಹಾರಾಟದ ಸಿದ್ಧತೆಯನ್ನು ಪರಿಶೀಲಿಸಿದ ಸಭೆಯಲ್ಲಿ ನಾಸಾದ ಪ್ರಧಾನ ಎಂಜಿನಿಯರ್ ಕ್ರಿಸ್ಟೋಫರ್ ಸ್ಕೊಲೀಸ್ ಮತ್ತು ಸುರಕ್ಷತಾ ವಿಭಾಗದ ಮುಖ್ಯಸ್ಥ ಬ್ರಯನ್ ಓಕಾನರ್, ನೊರೆಯ ಇನ್ನೊಂದು ಭಾಗದ ವಿನ್ಯಾಸ ಸರಿಯಾಗುವವರೆಗೆ ಹಾರಿಸಬಾರದೆಂದು ಮತ ನೀಡಿದರು. ಸಿಬ್ಬಂದಿಗೆ ಅಪಾಯವಾದರೆ ಅಂತರಿಕ್ಷ ನಿಲ್ದಾಣದಲ್ಲಿ ಆಶ್ರಯವಿದೆಯೆಂಬುದನ್ನು ಪರಿಗಣಿಸಿ ಸಂಸ್ಥೆಯ ಮುಖ್ಯಸ್ಥ ಮೈಕಲ್ ಗ್ರಿಫಿನ್ ಹಾರಾಟಕ್ಕೆ ಒಪ್ಪಿದರು. ಜುಲೈ 4ರಂದು ನೌಕೆ ಹಾರಿ ಸುರಕ್ಷಿತವಾಗಿ ಮರಳಿತು. ಹಿಂದೊಮ್ಮೆ ಕಳುಹಿಸದ ಇಮೇಲ್‌ನಲ್ಲಿ ಉಳಿದುಹೋಗಿದ್ದಂಥ ಆಕ್ಷೇಪ ಈ ಸಲ ಹಾರಾಟದ ಸಿದ್ಧತಾ ಪ್ರಮಾಣಪತ್ರದ ಮೇಲೆಯೇ ಇತ್ತು, ಇಬ್ಬರೂ ಕಾರಣ ಬರೆದು ಸಹಿ ಹಾಕಿದ್ದರು.